ತಲೆ ಮೇಲಿನ ಕಲ್ನಾರು: ಲೆಕ್ಕ ಇಡುವವರು ಯಾರು?

ಯುಗಾದಿ ದಾಟಿತೆಂದರೆ ಅಥಣಿ ಸೀಮೆಯಲ್ಲಿ ಅಡ್ಡಮಳೆಯ ಕಾಲ. ಮಧ್ಯಾಹ್ನವೆಲ್ಲ ಕಾದ ನೆಲದ ಮೇಲೆ ಸಂಜೆ ಹೊತ್ತಿಗೆ ಮೋಡ ಕಟ್ಟುತ್ತದೆ, ಧೂಳೆದ್ದು ಅರ್ಧ ತಾಸು ಬಿರುಗಾಳಿ ಬೀಸುತ್ತದೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸುದ್ದಿ: ಇಷ್ಟು ಮನೆಗಳ ಪತ್ರಾಸ್ ಹಾರಿದವು, ಇಷ್ಟು ಶೆಡ್ಡು ನೆಲಕಚ್ಚಿದವು, ಇಷ್ಟು ವಿದ್ಯುತ್ ಕಂಬ ಉರುಳಿದವು. ಕಂದಾಯ ಇಲಾಖೆಯವರು ಬಂದು ಪಂಚನಾಮೆ ಮಾಡುತ್ತಾರೆ, ನಷ್ಟವನ್ನು ರೂಪಾಯಿಯಲ್ಲಿ ಬರೆದುಕೊಳ್ಳುತ್ತಾರೆ. ಒಡೆದ ಶೀಟು ಎಂಥದ್ದು, ಅದರ ಚೂರುಗಳು ಎಲ್ಲಿಗೆ ಹೋದವು ಎಂಬುದು ಮಾತ್ರ ಆ ಕಾಗದದಲ್ಲಿ ಬರುವುದಿಲ್ಲ.

ಚೂರುಗಳು ಎಲ್ಲಿಗೆ ಹೋಗುತ್ತವೆ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿದೆ. ದೊಡ್ಡ ತುಂಡು ಕೋಳಿಗೂಡಿನ ಮೇಲೆ, ಕಣಕಿ ಬಣವಿಯ ಮೇಲೆ, ಬಚ್ಚಲಿನ ಮರೆಗೆ. ಸಣ್ಣ ತುಂಡು ತಿಪ್ಪೆಗೆ ಇಲ್ಲವೇ ಮಳೆಗಾಲದಲ್ಲಿ ಕೆಸರಾಗುವ ದಾರಿಯ ಗುಂಡಿಗೆ. ಶೀಟು ಎಂಥದ್ದು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಕೆಲಸಕ್ಕೆ ಹೊರಗಿನ ಹಲವು ದೇಶಗಳಲ್ಲಿ ಒಂದು ಶಿಸ್ತು, ಒಂದು ಕಾನೂನು, ಒಂದು ವೃತ್ತಿಯೇ ಇದೆ. ಅದು ಕಟ್ಟಡಗಳ ಆಸ್‌ಬೆಸ್ಟಾಸ್ ಸಮೀಕ್ಷೆ. ಆಸ್‌ಬೆಸ್ಟಾಸ್ ಎಂದರೆ ನಮ್ಮ ಶಾಲಾ ಪುಸ್ತಕದ ಕಲ್ನಾರು. ವಿಜ್ಞಾನದ ಪ್ರಯೋಗಾಲಯದಲ್ಲಿ ಬರ್ನರ್ ಮೇಲೆ ಇಡುತ್ತಿದ್ದ ತಂತಿ ಜಾಲರಿಯ ನಡುವಿನ ಬಿಳಿ ವೃತ್ತವಾಗಿ ಹಳೆಯ ತಲೆಮಾರಿನ ವಿದ್ಯಾರ್ಥಿಗಳೆಲ್ಲ ಅದನ್ನು ನೋಡಿದ್ದಾರೆ. ಆ ಸಮೀಕ್ಷೆ ಅಥಣಿ ಸೀಮೆಯ ಐಗಳಿಯಂಥ ಊರಿಗೆ ಬಂದರೆ ಹೇಗಿರಬೇಕು?

ಮಾಳಿಗೆ ಹೋಗಿ ಶೀಟು ಬಂದದ್ದು

ಐಗಳಿ ಇರುವುದು ಅಥಣಿ ತಾಲ್ಲೂಕಿನ ಒಣ ಬದಿಯಲ್ಲಿ. ಕೃಷ್ಣೆಯ ದಂಡೆಯ ಹಳ್ಳಿಗಳಿಗೆ ಕಬ್ಬು ಹೇಗೋ ತೆಲಸಂಗ, ಐಗಳಿ ಕಡೆಗೆ ದ್ರಾಕ್ಷಿ ಹಾಗೆ. ಈ ಸೀಮೆಯ ಹಳೆಯ ಮನೆ ಎಂದರೆ ಮಣ್ಣಿನ ಮಾಳಿಗೆ. ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಗಟ್ಟಿಸಿದ ಮೇಲ್ಮುದ್ದೆ. ಬೇಸಿಗೆಯಲ್ಲಿ ತಂಪು, ಆದರೆ ಪ್ರತಿ ಮಳೆಗಾಲಕ್ಕೆ ಮೊದಲು ಮೇಲೆ ಮಣ್ಣು ಹಾಕಿ ತುಳಿಯಬೇಕು. ಅಷ್ಟೂ ಅನುಕೂಲವಿಲ್ಲದವರಿಗೆ ಕಬ್ಬಿನ ರವದಿಯ ಗುಡಿಸಲು, ಅದಕ್ಕೆ ಬೆಂಕಿಯ ಭಯ.

ಇಂಥ ಕಡೆ ಸಿಮೆಂಟ್ ಶೀಟು ಬಂದಾಗ ಜನ ಅದನ್ನು ಒಪ್ಪಿಕೊಂಡದ್ದು ತಿಳಿಗೇಡಿತನದಿಂದಲ್ಲ. ಅದು ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಕಿಡಿ ಬಿದ್ದರೆ ಹೊತ್ತುವುದಿಲ್ಲ. ಗೌಂಡಿ ಮತ್ತು ಇಬ್ಬರು ಆಳು ಸೇರಿದರೆ ದಿನದೊಳಗೆ ಮನೆಯ ಮೇಲೆ ನೆರಳು. ದನದ ಕೊಟ್ಟಿಗೆ, ಹೊಲದ ಮನೆ, ಪಂಪ್‌ಸೆಟ್ಟಿನ ಕೋಣೆ, ಬೆಲ್ಲದ ಗಾಣ, ನಿಪ್ಪಾಣಿ ಕಡೆಯ ತಂಬಾಕು ಗೋದಾಮು, ಶಾಲೆಯ ಹೆಚ್ಚುವರಿ ಕೋಣೆ, ಬಸ್ ತಂಗುದಾಣ, ಎಲ್ಲಕ್ಕೂ ಹೊಂದುವ ವಸ್ತು ಅದು.

ಆಸ್ಟ್ರಿಯಾದ ಲುಡ್‌ವಿಗ್ ಹಾಟ್‌ಶೆಕ್ 1900ರ ಸುಮಾರಿಗೆ ಇದರ ತಯಾರಿಕೆಯ ವಿಧಾನ ಕಂಡುಹಿಡಿದು, ಎಟರ್ನಿಟ್ ಎಂದು ಹೆಸರಿಟ್ಟ. ಭಾರತದಲ್ಲಿ 1934ರಲ್ಲಿ ಮಧ್ಯಪ್ರದೇಶದ ಕಟ್ನಿ ಬಳಿಯ ಕೈಮೂರ್‌ನಲ್ಲಿ ಕಾರ್ಖಾನೆ ಶುರುವಾಯಿತು. ತಂತ್ರ ಸರಳ. ಗೋಡೆಯ ಮಣ್ಣು ಬಿರುಕು ಬಿಡದಿರಲೆಂದು ನಾವು ಹೊಟ್ಟು ಕಲಸುವಂತೆ ಸಿಮೆಂಟಿಗೆ ಕಲ್ನಾರಿನ ಎಳೆ ಕಲಸುತ್ತಾರೆ. ಎಳೆಯ ಪಾಲು ಸಾಮಾನ್ಯವಾಗಿ ನೂರಕ್ಕೆ 8ರಿಂದ 10. ಮಾರುಕಟ್ಟೆಯ ಅಲೆಅಲೆಯ ಶೀಟು 6 ಮಿಲಿಮೀಟರ್ ದಪ್ಪ, 1.05 ಮೀಟರ್ ಅಗಲ. ಮೂರು ಮೀಟರ್ ಉದ್ದದ್ದು 40 ಕಿಲೊ ದಾಟುತ್ತದೆ. ಅಂದರೆ ಅಂಥ ಒಂದು ಶೀಟಿನಲ್ಲಿ ಮೂರು–ನಾಲ್ಕು ಕಿಲೊ ಕಲ್ನಾರು ಇರುತ್ತದೆ.

ಎಳೆ ಮಾಡುವ ಕೇಡು

ಕಲ್ನಾರು ಒಂದೇ ಖನಿಜವಲ್ಲ. ವಾಣಿಜ್ಯದ ಹೆಸರಿನಲ್ಲಿ ಆರು ಖನಿಜಗಳು ಸೇರುತ್ತವೆ. ನೀಲಿ ಬಣ್ಣದ ಕ್ರೊಸಿಡೊಲೈಟ್, ಕಂದು ಅಮೊಸೈಟ್, ಬಿಳಿ ಕ್ರೈಸೊಟೈಲ್ ಅವುಗಳಲ್ಲಿ ಮುಖ್ಯ. ಇಂದು ನಮ್ಮ ಶೀಟುಗಳಿಗೆ ಬಳಕೆಯಾಗುವುದು ಬಿಳಿಯದು. ಅದರ ಹೆಚ್ಚಿನ ಪಾಲು ಬರುವುದು ರಷ್ಯಾದಿಂದ. ನಮ್ಮ ರಾಜ್ಯದ ನೆಲದಲ್ಲೂ ಕಲ್ನಾರು ಇದೆ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತ ಹಿಂದೆ ಅದನ್ನು ಅಗೆದು ತೆಗೆಯುತ್ತಿದ್ದರು. ದೇಶದಲ್ಲಿ ಗಣಿಗಾರಿಕೆಯನ್ನು ಆರೋಗ್ಯದ ಕಾರಣಕ್ಕೆ ನಿಲ್ಲಿಸಲಾಗಿದೆ, ಆದರೆ ಆಮದು ಮಾಡಿಕೊಂಡು ಶೀಟು ತಯಾರಿಸುವುದಕ್ಕೆ ಅಡ್ಡಿಯಿಲ್ಲ. ನೆಲದಿಂದ ತೆಗೆಯಲು ಅಪಾಯಕಾರಿಯಾದದ್ದು ಹಡಗಿನಲ್ಲಿ ಬಂದರೆ ಸರಕಾಗುತ್ತದೆ.

ಎಳೆಯ ವಿಶೇಷವೆಂದರೆ ಅದು ಉದ್ದಕ್ಕೆ ಸೀಳುತ್ತ ಹೋಗುತ್ತದೆ. ಗಾಳಿಯಲ್ಲಿ ಎಣಿಸುವಾಗ ಲೆಕ್ಕಕ್ಕೆ ಹಿಡಿಯುವ ಎಳೆ 3 ಮೈಕ್ರೊಮೀಟರಿಗಿಂತ ತೆಳ್ಳಗೆ, 5 ಮೈಕ್ರೊಮೀಟರಿಗಿಂತ ಉದ್ದ. ತಲೆಗೂದಲು ಅದರ ಇಪ್ಪತ್ತು ಪಟ್ಟು ದಪ್ಪ. ಇಂಥ ಎಳೆ ಪುಪ್ಪುಸದ ಒಳತುದಿಯವರೆಗೂ ಹೋಗಿ ಕೂರುತ್ತದೆ, ದೇಹ ಅದನ್ನು ಕರಗಿಸಲಾರದು. ಪುಪ್ಪುಸ ಗಟ್ಟಿಯಾಗಿ ಉಸಿರು ಕಟ್ಟುವ ಆಸ್‌ಬೆಸ್ಟೋಸಿಸ್, ಪುಪ್ಪುಸದ ಕ್ಯಾನ್ಸರ್, ಪುಪ್ಪುಸದ ಹೊದಿಕೆಗೆ ಬರುವ ಮೀಸೊಥೀಲಿಯೋಮಾ ಎಂಬ ಕ್ಯಾನ್ಸರ್, ಇವು ಅದರ ಫಲ. ಬಿಳಿಯದೂ ಸೇರಿ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ರೋಗ ಕಾಣಿಸಿಕೊಳ್ಳಲು ಹದಿನೈದರಿಂದ ನಲವತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಇಪ್ಪತ್ತನೇ ವಯಸ್ಸಿನಲ್ಲಿ ಶೀಟು ಕೊಯ್ದವನಿಗೆ ಐವತ್ತೈದರಲ್ಲಿ ದಮ್ಮು ಹತ್ತಿದರೆ ಯಾವ ವೈದ್ಯರೂ ಆ ಎರಡನ್ನು ಜೋಡಿಸಿ ನೋಡುವುದಿಲ್ಲ. ಬೀಡಿ, ಒಲೆಯ ಹೊಗೆ, ಕ್ಷಯ, ಏನಾದರೊಂದು ಕಾರಣ ಸಿಗುತ್ತದೆ. ಹಾಗಾಗಿ ಊರಿನಲ್ಲಿ ಯಾರಿಗೂ ಏನೂ ಆಗಿಲ್ಲ ಎಂಬ ಮಾತು ಸಾಕ್ಷ್ಯವಾಗುವುದಿಲ್ಲ.

ಹಾಗೆಂದು ಮನೆಯ ಮೇಲಿನ ಶೀಟು ನೋಡಿ ಇಂದು ರಾತ್ರಿಯೇ ಬೆಚ್ಚಿಬೀಳಬೇಕಾಗಿಲ್ಲ. ಸಿಮೆಂಟಿನಲ್ಲಿ ಬಂಧಿಯಾದ ಎಳೆ ಸುಮ್ಮನೆ ಉದುರುವುದಿಲ್ಲ. ಕಲ್ನಾರು ಸಿಮೆಂಟಿನ ಪೈಪಿನಲ್ಲಿ ಬಂದ ಕುಡಿಯುವ ನೀರಿಗೂ ವಿಶ್ವ ಆರೋಗ್ಯ ಸಂಸ್ಥೆ ಮಿತಿ ನಿಗದಿ ಮಾಡಿಲ್ಲ. ನುಂಗಿದ ಎಳೆಯಿಂದ ಕೇಡಾಗುತ್ತದೆ ಎನ್ನಲು ಸ್ಥಿರವಾದ ಪುರಾವೆ ಇಲ್ಲ, ಅಪಾಯವಿರುವುದು ಉಸಿರಾಟದಲ್ಲಿ. ಎಳೆ ಗಾಳಿಗೆ ಬರುವುದು ಗರಗಸ ಆಡಿಸಿದಾಗ, ಹುಕ್ಕಿಗೆಂದು ಡ್ರಿಲ್ ಕೊರೆದಾಗ, ಸುಣ್ಣ ಬಳಿಯುವ ಮುನ್ನ ಪಾಚಿಯನ್ನು ಒಣಗಿದ್ದಂತೆಯೇ ಕೆರೆದಾಗ, ಒಡೆದದ್ದನ್ನು ಕಸಬರಿಗೆಯಿಂದ ಗುಡಿಸಿದಾಗ, ಬೆಂಕಿ ಬಿದ್ದು ಶೀಟು ಸಿಡಿದಾಗ. ದಶಕಗಳ ಮಳೆ ಮೇಲ್ಮೈಯ ಸಿಮೆಂಟನ್ನು ಸವೆಸಿ ಎಳೆಗಳನ್ನು ಹೊರಗೆ ಹಾಕುತ್ತದೆ, ಅವು ಮಳೆನೀರಿನ ದೋಣಿಯ ಕೆಸರಿನಲ್ಲೂ ಸೂರಿನಡಿಯ ಮಣ್ಣಿನಲ್ಲೂ ಸೇರುತ್ತವೆ.

ಚೂರು ಹಂಚಿಹೋದರೆ ಏನಾಗುತ್ತದೆ ಎಂಬುದಕ್ಕೆ ಇಟಲಿಯ ಕಸಾಲೆ ಮೊನ್‌ಫೆರ‍್ರಾತೊ ಪಟ್ಟಣ ಸಾಕ್ಷಿ. ಅಲ್ಲಿ 1907ರಿಂದ 1986ರವರೆಗೆ ಎಟರ್ನಿಟ್ ಕಾರ್ಖಾನೆ ನಡೆಯಿತು. ಅದರ ಪುಡಿ, ತುಂಡುಗಳನ್ನು ಜನ ಅಂಗಳಕ್ಕೆ ಹಾಸಿದರು, ಅಟ್ಟಕ್ಕೆ ತುಂಬಿದರು. ಕಾರ್ಖಾನೆಯ ಬಾಗಿಲು ಮೆಟ್ಟದ ಗೃಹಿಣಿಯರಿಗೂ ಶಿಕ್ಷಕರಿಗೂ ಮೀಸೊಥೀಲಿಯೋಮಾ ಬಂತು. ಕಾರ್ಖಾನೆ ಮುಚ್ಚಿ ದಶಕಗಳಾದ ಮೇಲೂ ಸಾವು ನಿಂತಿಲ್ಲ.

ಸಮೀಕ್ಷಕ ಮಾಡುವ ಕೆಲಸ

ಬ್ರಿಟನ್ನು ನೀಲಿ ಮತ್ತು ಕಂದು ಕಲ್ನಾರನ್ನು 1985ರಲ್ಲಿ, ಬಿಳಿಯದನ್ನು 1999ರಲ್ಲಿ ನಿಷೇಧಿಸಿತು. ನಿಷೇಧ ಹೊಸದನ್ನು ತಡೆಯುತ್ತದೆ, ಅದಾಗಲೇ ಗೋಡೆಯೊಳಗೆ ಕುಳಿತದ್ದನ್ನು ಏನೂ ಮಾಡದು. ಆದ್ದರಿಂದ ಮನೆಯಲ್ಲದ ಪ್ರತಿ ಕಟ್ಟಡದ ಹೊಣೆಗಾರ ಕಲ್ನಾರು ಎಲ್ಲಿದೆ ಎಂದು ಹುಡುಕಿ ದಾಖಲೆ ಇಡಬೇಕೆಂಬ ಕರ್ತವ್ಯ 2004ರಲ್ಲಿ ಜಾರಿಗೆ ಬಂತು. ಅಮೆರಿಕ ಶಾಲೆಗಳಿಗೆ ಇಂಥದ್ದೇ ಕಾನೂನನ್ನು 1986ರಲ್ಲೇ ಮಾಡಿತ್ತು. ಅದರಂತೆ ಪ್ರತಿ ಮೂರು ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಬೇಕು.

ಸಮೀಕ್ಷೆಯಲ್ಲಿ ಎರಡು ಬಗೆ. ಕಟ್ಟಡ ಬಳಕೆಯಲ್ಲಿರುವಾಗ ನಡೆಸುವುದು ನಿರ್ವಹಣಾ ಸಮೀಕ್ಷೆ, ಕೈಗೆ ಎಟುಕುವುದನ್ನೆಲ್ಲ ನೋಡಿ ಬರೆಯುವುದು. ಕೆಡವುವ ಅಥವಾ ದುರಸ್ತಿ ಮಾಡುವ ಮುನ್ನ ನಡೆಸುವುದು ಇನ್ನೊಂದು, ಅದರಲ್ಲಿ ಗೋಡೆ, ನೆಲ, ಸೀಲಿಂಗು ಬಿಚ್ಚಿ ನೋಡುತ್ತಾರೆ. ಚಾವಣಿಯಷ್ಟೇ ಅಲ್ಲ, ಮಳೆನೀರಿನ ದೋಣಿ, ಹೊಗೆ ಕೊಳವೆ, ನೀರಿನ ಪೈಪು, ಸೀಲಿಂಗ್ ಹಲಗೆ, ಹಳೆಯ ವಿದ್ಯುತ್ ಫಲಕ, ಬಾಯ್ಲರಿನ ಬಾಗಿಲ ಹಗ್ಗ, ಉಗಿ ಕೊಳವೆಗೆ ಸುತ್ತಿದ ಹೊದಿಕೆ, ಎಲ್ಲವೂ ಪಟ್ಟಿಯಲ್ಲಿರುತ್ತವೆ. ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ಈ ಕೊನೆಯದನ್ನು ಮರೆಯಬಾರದು. ಹಳೆಯ ಬಾಯ್ಲರುಗಳಿಗೆ ಜಗತ್ತಿನಾದ್ಯಂತ ಕಲ್ನಾರಿನ ಹೊದಿಕೆ ಹಾಕುತ್ತಿದ್ದರು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಆ ಹೊದಿಕೆ ಶೀಟಿಗಿಂತ ಎಷ್ಟೋ ಪಾಲು ಕೆಟ್ಟದ್ದು.

ಅನುಮಾನವಿದ್ದ ಕಡೆ ಮಾದರಿ ತೆಗೆಯುತ್ತಾರೆ. ಸಾಬೂನಿನ ನೀರು ಸಿಂಪಡಿಸಿ, ಮೂಲೆಯಿಂದ ಸಣ್ಣ ಚೂರು ಮುರಿದು, ಎರಡು ಪೊಟ್ಟಣದಲ್ಲಿ ಹಾಕಿ, ಮುರಿದ ಅಂಚಿಗೆ ಮೆತ್ತಿ ಮುಚ್ಚುತ್ತಾರೆ. ಪ್ರಯೋಗಾಲಯದಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಎಳೆಯ ಜಾತಿ ಗುರುತಿಸುತ್ತಾರೆ. ಮಾದರಿ ಸಿಗದಿದ್ದರೆ ನಿಯಮ ಇನ್ನೂ ಸುಲಭ: ಇಲ್ಲವೆಂದು ಸಾಬೀತಾಗುವವರೆಗೆ ಇದೆ ಎಂದೇ ಬರೆದುಕೊಳ್ಳಬೇಕು.

ಸಿಕ್ಕ ವಸ್ತುವಿಗೆ ಅಂಕ ಕೊಡುವುದು ಮುಂದಿನ ಹೆಜ್ಜೆ. ಬ್ರಿಟಿಷ್ ಪದ್ಧತಿಯಲ್ಲಿ ವಸ್ತುವಿನ ಬಗೆ, ಹಾನಿ, ಮೇಲ್ಮೈಯ ಹೊದಿಕೆ, ಖನಿಜದ ಜಾತಿ ಎಂಬ ನಾಲ್ಕು ಬಾಬತ್ತು, ಒಟ್ಟು ಗರಿಷ್ಠ 12. ಹತ್ತಕ್ಕೆ ಮುಟ್ಟಿದರೆ ಗಂಭೀರ. ನಮ್ಮ ಸಿಮೆಂಟ್ ಶೀಟನ್ನು ಇದರಲ್ಲಿ ತೂಗಿದರೆ ಗಟ್ಟಿಯಾಗಿರುವುದಕ್ಕೆ 3, ಪೂರ್ತಿ ಒಡೆದು ಹಾಳಾದದ್ದಕ್ಕೆ 6. ಅಂದರೆ ಎಷ್ಟೇ ಹಾಳಾಗಿದ್ದರೂ ಕಡಿಮೆ ಅಪಾಯದ ವರ್ಗ.

ಇಲ್ಲಿಗೇ ನಿಲ್ಲಿಸಿದರೆ ಐಗಳಿಯ ಮಟ್ಟಿಗೆ ಲೆಕ್ಕ ತಪ್ಪುತ್ತದೆ. ಈ ಅಂಕ ವಸ್ತುವನ್ನು ಅಳೆಯುತ್ತದೆಯೇ ಹೊರತು ಅದರೊಂದಿಗೆ ಬದುಕುವ ಜನರನ್ನಲ್ಲ. ಅದಕ್ಕಾಗಿಯೇ ಎರಡನೇ ಸುತ್ತಿನ ಅಂಕವಿದೆ: ಅದರ ಹತ್ತಿರ ಯಾರು, ಎಷ್ಟು ಹೊತ್ತು ಇರುತ್ತಾರೆ, ಅದನ್ನು ಕೆದಕುವ ಸಂಭವವೆಷ್ಟು, ದುರಸ್ತಿ ಎಷ್ಟು ಬಾರಿ ನಡೆಯುತ್ತದೆ. ಶೀಟನ್ನು ಕೈಗರಗಸದಲ್ಲಿ ಕೊಯ್ಯುವ, ವರ್ಷಕ್ಕೊಮ್ಮೆ ಗಾಳಿಗೆ ಕಳೆದುಕೊಳ್ಳುವ, ಚೂರನ್ನು ಅಂಗಳಕ್ಕೆ ಹಾಸುವ ಊರಿನಲ್ಲಿ ತೂಕ ಬೀಳಬೇಕಾದದ್ದು ಈ ಎರಡನೇ ಸುತ್ತಿಗೆ.

ಇಸವಿಯ ಗೆರೆ ಇಲ್ಲದ ದೇಶ

ಬ್ರಿಟನ್ನಿನ ಸಮೀಕ್ಷಕನಿಗೆ ಒಂದು ದೊಡ್ಡ ಅನುಕೂಲವಿದೆ. ಕಟ್ಟಡ 2000ಕ್ಕಿಂತ ಮೊದಲಿನದೋ ಆಮೇಲಿನದೋ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ನಮಗೆ ಆ ಗೆರೆಯೇ ಇಲ್ಲ. ಮೂವತ್ತು ವರ್ಷದ ಹಿಂದಿನ ಕೊಟ್ಟಿಗೆಯ ಮೇಲೂ, ಹೋದ ಬೇಸಿಗೆಯಲ್ಲಿ ಹಾಕಿದ ಶೆಡ್ಡಿನ ಮೇಲೂ ಕಲ್ನಾರು ಇರಬಹುದು. ಕಲ್ನಾರಿಲ್ಲದ ನಾರಿನ ಸಿಮೆಂಟ್ ಶೀಟೂ ಈಗ ಸಿಗುತ್ತದೆ, ನೋಟಕ್ಕೆ ಎರಡೂ ಒಂದೇ.

ದೇಶದ ಅತಿ ದೊಡ್ಡ ಮನೆಗಣತಿಯೂ ಇಲ್ಲಿ ನೆರವಿಗೆ ಬರುವುದಿಲ್ಲ. 2011ರ ಜನಗಣತಿ ಪ್ರತಿ ಮನೆಯ ಚಾವಣಿ ಯಾವುದೆಂದು ಕೇಳಿತ್ತು. ಹುಲ್ಲು, ಹೆಂಚು, ಕಲ್ಲು, ಕಾಂಕ್ರೀಟಿಗೆ ಬೇರೆ ಬೇರೆ ಕಲಂ. ಆದರೆ ಜಿ.ಐ. ತಗಡು, ಲೋಹ, ಆಸ್‌ಬೆಸ್ಟಾಸ್ ಮೂರಕ್ಕೂ ಸೇರಿ ಒಂದೇ ಕಲಂ. ದೇಶದ ಮನೆಗಳಲ್ಲಿ ನೂರಕ್ಕೆ ಸುಮಾರು 16 ಆ ಕಲಂನಲ್ಲಿ ಬಂದವು, 2001ರಲ್ಲಿ ಈ ಪಾಲು 12ರ ಆಸುಪಾಸಿನಲ್ಲಿತ್ತು. ಅದರಲ್ಲಿ ತಗಡು ಎಷ್ಟು, ಕಲ್ನಾರು ಎಷ್ಟು ಎಂದು ಬಿಡಿಸುವ ದಾರಿ ಇಲ್ಲ.

ಕಾನೂನು ಕಾರ್ಖಾನೆಯ ಗೇಟಿನವರೆಗೆ ಬರುತ್ತದೆ. ಆಸ್‌ಬೆಸ್ಟೋಸಿಸ್ ಕಾನೂನಿನಂತೆ ವರದಿ ಮಾಡಲೇಬೇಕಾದ ಔದ್ಯೋಗಿಕ ರೋಗ. 1995ರ ಜನವರಿ 27ರಂದು ಸುಪ್ರೀಂ ಕೋರ್ಟು ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದ ಪ್ರಕರಣದಲ್ಲಿ, ಕಾರ್ಮಿಕನ ಆರೋಗ್ಯದ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಸೇರಿದೆ ಎಂದು ಹೇಳಿತು. ಕಲ್ನಾರು ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ಸಂಪೂರ್ಣ ನಿಷೇಧ ಕೋರಿದ ಇನ್ನೊಂದು ಅರ್ಜಿ 2011ರಲ್ಲಿ ವಜಾ ಆಯಿತು. 40 ವರ್ಷದ ದಾಖಲೆಯ ಹಿಂದಿನ ವಿವೇಕ ಸ್ಪಷ್ಟ: ರೋಗ ತಡವಾಗಿ ಬರುವುದರಿಂದ ನೆನಪನ್ನು ಕಾಗದದಲ್ಲಿ ಕಾಯಬೇಕು. ಆದರೆ ಕಾರ್ಖಾನೆಯಿಂದ ಹೊರಬಿದ್ದ ಶೀಟನ್ನು ಕೊಯ್ಯುವ ಗೌಂಡಿಗೆ ಅಂಥ ಕಾಗದವೇ ಇಲ್ಲ. ಆತನಿಗೆ ಹಾಜರಿ ಪಟ್ಟಿಯೂ ಇಲ್ಲ, ಎಕ್ಸ್‌ರೇಯೂ ಇಲ್ಲ.

ಪಂಚಾಯಿತಿ ಮಾಡಬಹುದಾದ ಲೆಕ್ಕ

ಗೋಡೆಯೊಳಗೆ, ಸೀಲಿಂಗಿನ ಮೇಲೆ ಅಡಗಿಸಿಟ್ಟ ಕಲ್ನಾರನ್ನು ಹುಡುಕಲು ಯುರೋಪಿಗೆ ಪರಿಣತರು ಬೇಕಾದರು. ನಮ್ಮದು ಬಯಲಲ್ಲೇ ಇದೆ, ರಸ್ತೆಯಲ್ಲಿ ನಿಂತರೆ ಕಾಣುತ್ತದೆ. ಹಾಗಾಗಿ ಐಗಳಿಯಂಥ ಊರಿನ ಸಮೀಕ್ಷೆ ಪ್ರಯೋಗಾಲಯದಿಂದ ಶುರುವಾಗಬೇಕಿಲ್ಲ.

ಪೋಲೆಂಡ್ ಇದನ್ನು ಮಾಡಿ ತೋರಿಸಿದೆ. ಅಲ್ಲಿಯ ಕಲ್ನಾರೂ ಬಹುಪಾಲು ಹಳ್ಳಿಯ ಮನೆ, ಕೊಟ್ಟಿಗೆಗಳ ಸಿಮೆಂಟ್ ಶೀಟೇ. 1997ರಲ್ಲಿ ನಿಷೇಧಿಸಿ, 2032ರೊಳಗೆ ಎಲ್ಲವನ್ನೂ ತೆಗೆಯುವ ಗುರಿ ಇಟ್ಟುಕೊಂಡು, ಲೆಕ್ಕದ ಕೆಲಸವನ್ನು ನಮ್ಮ ಗ್ರಾಮ ಪಂಚಾಯಿತಿಗೆ ಸಮನಾದ ಗ್ಮಿನಾಗಳಿಗೆ ವಹಿಸಿದರು. ಮನೆಯವರು ತಿಳಿಸುತ್ತಾರೆ, ಗ್ಮಿನಾ ರಾಷ್ಟ್ರೀಯ ದತ್ತಾಂಶಕ್ಕೆ ಸೇರಿಸುತ್ತದೆ. ದಕ್ಷಿಣ ಕೊರಿಯಾದ ಕಥೆ ನಮಗೆ ಇನ್ನೂ ಹತ್ತಿರದ್ದು. 1970ರ ದಶಕದ ಗ್ರಾಮೋದ್ಧಾರ ಚಳವಳಿಯಲ್ಲಿ ಅಲ್ಲಿ ಹುಲ್ಲಿನ ಚಾವಣಿ ಕಿತ್ತು ಕಲ್ನಾರಿನ ಶೀಟು ಹಾಕಿಸಿದ್ದು ಸರ್ಕಾರವೇ. ಈಗ ಅದನ್ನು ತೆಗೆಸಲು ಸಹಾಯಧನ ಕೊಡುತ್ತಿರುವುದೂ ಸರ್ಕಾರವೇ.

ನಮ್ಮಲ್ಲಿ ಸಾಧನಗಳಿಗೆ ಕೊರತೆಯಿಲ್ಲ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗಾಂವಠಾಣ, ಅಂದರೆ ಊರಿನ ವಸತಿ ಜಾಗದ ಆಸ್ತಿ ಗುರುತಿಸಲು ಡ್ರೋನು ಹಾರಿಸಿ ಊರನ್ನು ಮೇಲಿನಿಂದ ಚಿತ್ರೀಕರಿಸುವ ಯೋಜನೆ ಅದು. ಮೇಲಿನಿಂದ ಕಾಣುವುದೇ ಚಾವಣಿ. ಪಂಚಾಯಿತಿಯ ಆಸ್ತಿ ದಾಖಲೆಗೆ ಒಂದು ಕಲಂ ಸೇರಿಸಿದರೆ ಸಾಕು: ಚಾವಣಿ ಯಾವುದು? ತಗಡೋ ಸಿಮೆಂಟೋ ಎಂಬುದಕ್ಕೆ ಅಯಸ್ಕಾಂತ ಹಿಡಿದರೆ ಉತ್ತರ ಸಿಗುತ್ತದೆ. ಸಿಮೆಂಟ್ ಶೀಟಾದರೆ ಕಲ್ನಾರು ಇದೆ ಎಂದೇ ಬರೆದುಕೊಳ್ಳಬೇಕು. ಹಾಕಿದ ಇಸವಿ, ಸ್ಥಿತಿ, ಕೆಳಗೆ ಯಾರಿದ್ದಾರೆ ಎಂಬ ಮೂರು ವಿವರ ಸೇರಿದರೆ ಪುಟ ತುಂಬಿತು. ಮೊದಲು ಅಂಗನವಾಡಿ, ಶಾಲೆ, ಆರೋಗ್ಯ ಉಪಕೇಂದ್ರ; ಆಮೇಲೆ ಮನೆ; ಕೊನೆಗೆ ಕೊಟ್ಟಿಗೆ, ಹೊಲದ ಶೆಡ್ಡು, ಒಣದ್ರಾಕ್ಷಿ ಘಟಕ. ಮಕ್ಕಳಿಗೆ ಮುಂದೆ ಬದುಕಬೇಕಾದ ವರ್ಷಗಳೇ ಹೆಚ್ಚು, ರೋಗಕ್ಕೆ ಬೇಕಾದದ್ದೂ ವರ್ಷಗಳೇ.

ಈ ಲೆಕ್ಕದ ಗುರಿ ಎಲ್ಲ ಶೀಟನ್ನೂ ನಾಳೆಯೇ ಕೀಳಿಸುವುದಾಗಬಾರದು. ಅವಸರದಲ್ಲಿ ಕಿತ್ತರೆ ಇಪ್ಪತ್ತು ವರ್ಷ ಸುಮ್ಮನಿದ್ದದ್ದು ಒಂದೇ ದಿನದಲ್ಲಿ ಗಾಳಿಗೆ ಬರುತ್ತದೆ. ಕೂಲಿ ಮಾಡಿ ಕಟ್ಟಿದ ಮನೆಯವರಿಗೆ ಹೊಸ ಚಾವಣಿಯ ಖರ್ಚು ಸಣ್ಣದಲ್ಲ. ಗಟ್ಟಿಯಿರುವುದನ್ನು ಇದ್ದಲ್ಲೇ ಬಿಟ್ಟು, ಕೊರೆಯದೆ, ಕೆರೆಯದೆ, ಬಣ್ಣ ಬಳಿದು ಕಾಯಬೇಕು. ತೆಗೆಯಲೇಬೇಕಾದಾಗ ನೀರು ಹಾಕಿ ನೆನೆಸಿ, ಬೋಲ್ಟು ಕತ್ತರಿಸಿ, ಇಡಿಯಾಗಿ ಇಳಿಸಬೇಕು, ಮೇಲಿನಿಂದ ಎಸೆಯಬಾರದು. ಮುಖಕ್ಕೆ ಕಟ್ಟಿದ ಟವೆಲ್ ಈ ಎಳೆಯನ್ನು ತಡೆಯದು, ಅದಕ್ಕೆಂದೇ ಇರುವ ಮಾಸ್ಕು ಬೇಕು. ಕೆಲಸದ ಬಟ್ಟೆ ಮನೆಯ ಬಟ್ಟೆಯೊಂದಿಗೆ ಸೇರಬಾರದು. ಕಾರ್ಮಿಕರ ಬಟ್ಟೆ ಒಗೆದ ಹೆಂಡಂದಿರೂ ಕಾಯಿಲೆ ಬಿದ್ದದ್ದು ಈ ರೋಗದ ಚರಿತ್ರೆಯಲ್ಲಿ ದಾಖಲಾಗಿದೆ.

ಕಷ್ಟ ಇರುವುದು ಚೂರುಗಳ ವಿಲೇವಾರಿಯಲ್ಲಿ. ರಾಜ್ಯದ ಅಪಾಯಕಾರಿ ತ್ಯಾಜ್ಯದ ಹೂಳುತಾಣ ಇರುವುದು ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ, ಅಥಣಿಯಿಂದ ಸುಮಾರು ಐನೂರು ಕಿಲೊಮೀಟರ್. ಹಾರಿಹೋದ ನಾಲ್ಕು ಶೀಟಿಗಾಗಿ ಯಾರೂ ಅಷ್ಟು ದೂರ ಹೋಗುವುದಿಲ್ಲ. 2005 ಮತ್ತು 2019ರ ಕೃಷ್ಣೆಯ ಮಹಾಪೂರ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ದಂಡೆಯ ಊರುಗಳಲ್ಲಿ ಮನೆಗಳನ್ನು ಸಾಲುಸಾಲಾಗಿ ಕೆಡವಿದಾಗ ಅವಶೇಷವೆಲ್ಲ ಒಂದೇ ರಾಶಿಯಾಯಿತು. ಮಣ್ಣು, ಕಲ್ಲು, ಶೀಟಿನ ಚೂರು ಬೇರೆ ಮಾಡುವ ವ್ಯವಧಾನ ಅಂಥ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ. ಎಷ್ಟು ಚಾವಣಿ ಇದೆ ಎಂಬ ಲೆಕ್ಕ ಮೊದಲೇ ಕೈಯಲ್ಲಿದ್ದರೆ ತಾಲ್ಲೂಕಿಗೊಂದು ಸಂಗ್ರಹ ಗುಂಡಿ ಎಲ್ಲಿ, ಎಷ್ಟು ದೊಡ್ಡದು ಬೇಕು ಎಂದು ಮಳೆಗಾಲಕ್ಕೆ ಮೊದಲೇ ಕೇಳಬಹುದು. ಲೆಕ್ಕವಿಲ್ಲದೆ ಕೇಳಿದರೆ ಕಚೇರಿಯಲ್ಲಿ ಅದು ಬೇಡಿಕೆಯಾಗುವುದಿಲ್ಲ, ಗೊಣಗಾಟವಾಗುತ್ತದೆ.

ಸಮೀಕ್ಷೆಯಿಂದ ನಿಜವಾಗಿ ಉಪಕಾರವಾಗಬೇಕಾದದ್ದು ಏಣಿ ಹತ್ತುವವನಿಗೆ. ಗರಗಸ ಕೈಗೆ ತೆಗೆದುಕೊಳ್ಳುವ ಮೊದಲು ಇದು ಕಲ್ನಾರು, ನೆನೆಸಿ ಇಳಿಸು ಎಂದು ಆತನಿಗೆ ಹೇಳುವ ಹೊಣೆ ಮನೆಯ ಯಜಮಾನನದು, ಗುತ್ತಿಗೆದಾರನದು, ಶಾಲೆಯಾದರೆ ಇಲಾಖೆಯದು. ಆ ಮಾತು ಹೇಳಲು ಅವರಿಗೆ ಆಧಾರ ಬೇಕು, ಆ ಆಧಾರ ಪಂಚಾಯಿತಿಯ ದಾಖಲೆಯಲ್ಲಿ ಒಂದು ಕಲಂ. ನಿಷೇಧದ ತೀರ್ಮಾನ ದೆಹಲಿಯಲ್ಲಿ ಆಗಬೇಕು, ಅದಕ್ಕೆ ಎಷ್ಟು ವರ್ಷವೋ. ಕಲಂ ಸೇರಿಸುವ ತೀರ್ಮಾನ ಗ್ರಾಮಸಭೆಯಲ್ಲೇ ಆಗಬಹುದು, ಅದಕ್ಕೆ ಮುಂದಿನ ಬಿರುಗಾಳಿಯವರೆಗೆ ಕಾಯಬೇಕಿಲ್ಲ.